ಬೀಳದಂತೆ ಕಟ್ಟಿದಿರಿ, ನಜ್ಜಾಗದಂತೆ ಏನು ಮಾಡಿದಿರಿ?

ಉಕ್ಕಿನ ಕಟ್ಟಡಗಳನ್ನು ಕಟ್ಟಿಸುವವರಿಗೆ, ಕಟ್ಟುವವರಿಗೆ ಮತ್ತು ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಉಕ್ಕಿನ ಕಟ್ಟಡಗಳಿಗೆ ಹಣ ಹಾಕುವ ಮಾಲೀಕರು, ಅವುಗಳನ್ನು ಎತ್ತಿ ನಿಲ್ಲಿಸುವ ಗುತ್ತಿಗೆದಾರರು, ಕೆಲಸಗಾರರನ್ನು ಎತ್ತರಕ್ಕೆ ಏರಿಸುವ ಯಂತ್ರಗಳಾದ ಬೂಮ್ ಲಿಫ್ಟ್ (ಬೂಮ್ ಎಂಬ ಉದ್ದ ತೋಳಿನ ತುದಿಯಲ್ಲಿ ಬುಟ್ಟಿ ಇರುವುದು) ಮತ್ತು ಕತ್ತರಿಯಂತೆ ಮಡಚುವ ಕಾಲುಗಳ ಸಿಸರ್ ಲಿಫ್ಟ್‌ಗಳನ್ನು ಬಾಡಿಗೆಗೆ ಕೊಡುವ ಸಂಸ್ಥೆಗಳು, ಕಾರ್ಮಿಕರ ಸುರಕ್ಷತೆಗೆ ನಿಯಮ ಬರೆದು ಅವುಗಳ ಪಾಲನೆಯನ್ನು ಪರಿಶೀಲಿಸುವ ಅಧಿಕಾರಿಗಳು, ನಿಮ್ಮೆಲ್ಲರಿಗೂ ಸೇರಿಸಿ ಈ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆಯಾಗಿ ಬರೆದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಸುಮ್ಮನಾಗಬಹುದು. ಈ ವಿಷಯದಲ್ಲಿ ಹಾಗೆ ಆಗುತ್ತಲೇ ಬಂದಿದೆ.

ಎತ್ತರದಲ್ಲಿ ದುಡಿಯುವವರು ಬಿದ್ದು ಸಾಯಬಾರದೆಂದು ನೀವು ಸಾಕಷ್ಟು ಕೆಲಸ ಮಾಡಿದ್ದೀರಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಿಂದೆ ತೊಲೆಯ ಮೇಲೆ ನಡೆದುಹೋಗಿ ಬೋಲ್ಟ್ ಬಿಗಿಯುತ್ತಿದ್ದವರು ಈಗ ಲಿಫ್ಟಿನ ಬುಟ್ಟಿಯಲ್ಲಿ ನಿಂತು ಬಿಗಿಯುತ್ತಾರೆ. ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿ, ಅಂದರೆ ಹಾರ್ನೆಸ್ ತೊಡದವನನ್ನು ಗೇಟಿನಲ್ಲೇ ತಡೆಯುತ್ತಾರೆ. ಆದರೆ ಆ ಬುಟ್ಟಿಯೇ ಮೇಲೇರಿ, ಒಳಗಿದ್ದವನ ಎದೆಯನ್ನೋ ಕುತ್ತಿಗೆಯನ್ನೋ ತನ್ನ ಕಟಕಟೆಗೂ ಉಕ್ಕಿನ ತೊಲೆಗೂ ನಡುವೆ ಒತ್ತಿ ಹಿಡಿದಾಗ ಹಾರ್ನೆಸ್ ಯಾವ ಉಪಯೋಗಕ್ಕೂ ಬರುವುದಿಲ್ಲ. ಅವನು ಬೀಳುವುದಿಲ್ಲ. ಯಂತ್ರ ಮಗುಚುವುದಿಲ್ಲ. ಬಹಳ ಸಲ ಯಂತ್ರದ ಒಂದು ತಂತಿಯೂ ಕೆಟ್ಟಿರುವುದಿಲ್ಲ, ತನಗೆ ಬಂದ ಆದೇಶವನ್ನು ಅದು ಪಾಲಿಸುತ್ತಿರುತ್ತದೆ. ಅಪಘಾತದ ನಂತರ ಪರೀಕ್ಷಿಸಿದ ತಂತ್ರಜ್ಞ ‘ಯಂತ್ರದಲ್ಲಿ ದೋಷವಿಲ್ಲ’ ಎಂದು ಬರೆದು ಸಹಿ ಹಾಕುತ್ತಾನೆ, ಅದು ನಿಜವೂ ಆಗಿರುತ್ತದೆ.

ಇದು ಯಾರಿಗೂ ಗೊತ್ತಿಲ್ಲದ ಅಪಾಯವೇನಲ್ಲ. ಇಂಥ ಲಿಫ್ಟುಗಳ, ಅಂದರೆ ಏರು ವೇದಿಕೆಗಳ, ಅಪಘಾತಗಳನ್ನು ಜಗತ್ತಿನ ಬೇರೆ ಬೇರೆ ಕಡೆಗಳಿಂದ ಸಂಗ್ರಹಿಸುವ ಐಪ್ಯಾಫ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹೆಸರಿಸುವ ಸಾವಿನ ಮುಖ್ಯ ಕಾರಣಗಳಲ್ಲಿ ಬುಟ್ಟಿಯಿಂದ ಬೀಳುವುದು, ವಿದ್ಯುತ್ ತಗಲುವುದು, ಯಂತ್ರ ಉರುಳುವುದು ಇವುಗಳ ಜೊತೆಯಲ್ಲೇ ಬುಟ್ಟಿಗೂ ಇನ್ನೊಂದು ವಸ್ತುವಿಗೂ ನಡುವೆ ಸಿಕ್ಕಿಹಾಕಿಕೊಳ್ಳುವುದೂ ಇದೆ. ಬ್ರಿಟನ್ನಿನ ನಿರ್ಮಾಣ ಉದ್ಯಮ 2010ರಲ್ಲಿ ಇದೊಂದೇ ಅಪಾಯದ ಕುರಿತು ಪ್ರತ್ಯೇಕ ಮಾರ್ಗದರ್ಶಿಯನ್ನು ಹೊರತಂದಿತು. ಪುಸ್ತಕಗಳಲ್ಲಿ ಬಂದ ಈ ಮಾತು ಕೆಲಸದ ನೆಲಕ್ಕೆ ಇಳಿದಿಲ್ಲ ಎಂಬುದೇ ನನ್ನ ದೂರು.

ಇದು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಚೇರಿಯಲ್ಲಿ ಕುಳಿತು ಸಹಿ ಹಾಕುವವರಲ್ಲಿ ಹೆಚ್ಚಿನವರು ಬುಟ್ಟಿಯಲ್ಲಿ ನಿಂತು ಜಾಯ್‌ಸ್ಟಿಕ್ ಹಿಡಿದವರಲ್ಲ.

ಬೂಮ್ ಲಿಫ್ಟಿನ ಬುಟ್ಟಿಯಲ್ಲಿ ನಿಂತವನ ಮುಂದೆ, ಹೊಟ್ಟೆಯ ಮಟ್ಟದಲ್ಲಿ ನಿಯಂತ್ರಣ ಫಲಕ ಇರುತ್ತದೆ. ಕಾಲಡಿಯಲ್ಲಿ ಒಂದು ಪೆಡಲ್. ಪೆಡಲ್ ಒತ್ತಿಕೊಂಡೇ ಜಾಯ್‌ಸ್ಟಿಕ್ ಸರಿಸಬೇಕು. ಎರಡರಲ್ಲಿ ಯಾವುದನ್ನು ಬಿಟ್ಟರೂ ಯಂತ್ರ ನಿಲ್ಲಬೇಕು. ಮೇಲ್ನೋಟಕ್ಕೆ ಇದು ಸುಭದ್ರ ವ್ಯವಸ್ಥೆ. ಆದರೆ ಅಪಾಯ ಬಂದ ಕ್ಷಣದಲ್ಲಿ ಮನುಷ್ಯ ಕೈಕಾಲುಗಳನ್ನು ಹಿಂದೆಗೆದುಕೊಳ್ಳಬಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಬೆನ್ನ ಹಿಂದಿನಿಂದ ತೊಲೆ ಬಂದು ಒತ್ತಿದಾಗ ಅವನು ಮುಂದಕ್ಕೆ ಬಾಗುತ್ತಾನೆ. ಬಾಗಿದ ಮೈ ಬೀಳುವುದು ಆ ಫಲಕದ ಮೇಲೆ, ಆ ಜಾಯ್‌ಸ್ಟಿಕ್ಕಿನ ಮೇಲೆ. ಕಾಲು ಪೆಡಲ್ಲಿನ ಮೇಲೆಯೇ ಉಳಿಯುತ್ತದೆ, ತೆಗೆಯಲು ಬುಟ್ಟಿಯಲ್ಲಿ ಜಾಗವಿರುವುದಿಲ್ಲ. ಯಾವ ಚಲನೆಯಿಂದ ಅವನು ಸಿಕ್ಕಿಕೊಂಡನೋ ಅದೇ ಚಲನೆ ಮುಂದುವರಿಯಲಿ ಎಂದು ಅವನ ದೇಹದ ಭಾರವೇ ಯಂತ್ರಕ್ಕೆ ಆದೇಶ ಕೊಡುತ್ತಿರುತ್ತದೆ. ಕೆಂಪು ನಿಲುಗಡೆ ಗುಂಡಿಯೂ ಅದೇ ಫಲಕದಲ್ಲಿ, ಅವನ ಎದೆಯ ಕೆಳಗೆ ಎಲ್ಲೋ ಇರುತ್ತದೆ. 20 ಮೀಟರ್ ಎತ್ತರಕ್ಕೆ ಹೋಗುವ ಇಂಥ ಯಂತ್ರದ ತೂಕ ಹತ್ತು ಟನ್ನಿನ ಆಸುಪಾಸು, ಕೆಲವಕ್ಕೆ ಇನ್ನೂ ಹೆಚ್ಚು. ಅದರ ಹೈಡ್ರಾಲಿಕ್ ಒತ್ತಡಕ್ಕೆ ಮನುಷ್ಯನ ಪಕ್ಕೆಲುಬು ಅಡ್ಡಿಯೇ ಅಲ್ಲ.

ಉಕ್ಕಿನ ಕೆಲಸಕ್ಕೆ ಈ ಅಪಾಯ ಅಂಟಿಕೊಂಡೇ ಬರುತ್ತದೆ. ಕಟ್ಟಡದ ಹೊರಗೋಡೆಗೆ ಬಣ್ಣ ಬಳಿಯುವವನ ತಲೆಯ ಮೇಲೆ ಸಾಮಾನ್ಯವಾಗಿ ಬಯಲು ಆಕಾಶವಿರುತ್ತದೆ. ಉಕ್ಕು ಕಟ್ಟುವವನು ಚೌಕಟ್ಟಿನ ಒಳಗೇ ಹೋಗಬೇಕು. ತೊಲೆಯ ಕೆಳ ಫ್ಲೇಂಜಿಗೆ (ಅಗಲವಾದ ಅಂಚಿಗೆ) ಕೈ ಎಟಕುವಷ್ಟು ಹತ್ತಿರ, ಕೆಲವೊಮ್ಮೆ ಎರಡು ತೊಲೆಗಳ ನಡುವೆ ತಲೆ ಮೇಲೆ ಬರುವಂತೆ, ತೊಲೆಗಳನ್ನು ಜೋಡಿಸುವ ಗಸೆಟ್ ಪ್ಲೇಟಿನ ರಂಧ್ರ ಕಾಣುವಷ್ಟು ಸಮೀಪಕ್ಕೆ ಬುಟ್ಟಿಯನ್ನು ತರಬೇಕು. ಆ ಹೊತ್ತಿನಲ್ಲಿ ಅವನ ಕಣ್ಣು ರಂಧ್ರದ ಮೇಲಿರುತ್ತದೆ, ಬೆನ್ನ ಹಿಂದಿನ ಅಡ್ಡತೊಲೆಯ ಮೇಲಲ್ಲ. ಜೊತೆಗೆ ಆ ಚೌಕಟ್ಟು ದಿನದಿಂದ ದಿನಕ್ಕೆ ಬೆಳೆಯುತ್ತಿರುತ್ತದೆ. ನಿನ್ನೆ ಸರಾಗವಾಗಿ ಹಿಂದೆ ಸರಿದಿದ್ದ ದಾರಿಯಲ್ಲಿ ಇಂದು ಬೆಳಿಗ್ಗೆ ಯಾರೋ ಒಂದು ಬ್ರೇಸಿಂಗ್, ಅಂದರೆ ಚೌಕಟ್ಟನ್ನು ಬಿಗಿಯುವ ಓರೆ ಪಟ್ಟಿ, ಕೂರಿಸಿರುತ್ತಾರೆ.

ಯಂತ್ರದ ನಡೆಯೂ ನೆಟ್ಟಗಿರುವುದಿಲ್ಲ. ಬೂಮ್ ಎತ್ತಿದರೆ ಬುಟ್ಟಿ ಲಂಬವಾಗಿ ಏರುವುದಿಲ್ಲ, ಕಮಾನಿನ ಹಾಗೆ ಬಾಗಿಕೊಂಡು ಮೇಲಕ್ಕೂ ಹಿಂದಕ್ಕೂ ಹೋಗುತ್ತದೆ. ಇಳಿಸಿದರೆ ಕೆಳಗೂ ಹೊರಗೂ ಚಾಚುತ್ತದೆ. ಎರಡು ಚಲನೆಗಳನ್ನು ಒಟ್ಟಿಗೆ ಮಾಡಿದಾಗ ಬುಟ್ಟಿಯ ಹಿಂಬದಿಯ ಮೂಲೆ ಎಲ್ಲಿಗೆ ಹೋಗುತ್ತದೆಂದು ಹೇಳುವುದು ನುರಿತವರಿಗೂ ಕಷ್ಟ. ಬೂಮನ್ನು ಹೊತ್ತ ತಿರುಗು ಪೀಠ ಅರ್ಧ ಸುತ್ತು ತಿರುಗಿ ಬೂಮ್ ಯಂತ್ರದ ಇನ್ನೊಂದು ತುದಿಯ ಮೇಲೆ ಬಂದಿದ್ದರೆ, ಮುಂದಕ್ಕೆ ಎಂದು ತಳ್ಳಿದ ಜಾಯ್‌ಸ್ಟಿಕ್ ಗಾಲಿಗಳನ್ನು ಹಿಂದಕ್ಕೆ ಓಡಿಸುತ್ತದೆ. ಅದಕ್ಕೆಂದೇ ಫಲಕದ ಮೇಲೂ ಗಾಲಿಯ ಚೌಕಟ್ಟಿನ ಮೇಲೂ ಬಣ್ಣದ ಬಾಣಗಳನ್ನು ಹಚ್ಚಿರುತ್ತಾರೆ. ಧೂಳು, ಗ್ರೀಸು, ಬಣ್ಣ ಮೆತ್ತಿಕೊಂಡು ಆ ಬಾಣಗಳು ಕಾಣದಂತಾದ ಯಂತ್ರಗಳು ಎಷ್ಟೋ ಓಡಾಡುತ್ತಿವೆ. ಬೂಮನ್ನು ಎತ್ತಿಕೊಂಡೇ ಯಂತ್ರವನ್ನು ನಡೆಸುವಾಗ ಗಾಲಿ ಒಂದು ಸಣ್ಣ ಕುಳಿಗೆ ಇಳಿದರೆ, ನೆಲದಲ್ಲಿ ನಿಂತವನಿಗೆ ಅದು ಲೆಕ್ಕಕ್ಕಿಲ್ಲದ ಕುಲುಕು, ಮೇಲಿನ ಬುಟ್ಟಿಗೆ ಅದರ ಎಷ್ಟೋ ಪಟ್ಟು ದೊಡ್ಡ ತೂಗಾಟ. ತಲೆಗೂ ತೊಲೆಗೂ ಒಂದು ಗೇಣು ಅಂತರವಿದ್ದ ಜಾಗದಲ್ಲಿ ಆ ತೂಗಾಟವೇ ಸಾಕು.

ಇನ್ನೊಂದು ಬಗೆಯೂ ಇದೆ. ಬುಟ್ಟಿಯ ಕಟಕಟೆ ತೊಲೆಯ ಫ್ಲೇಂಜಿನ ಅಡಿಗೆ ಸಿಕ್ಕಿಕೊಳ್ಳುತ್ತದೆ. ಮೇಲಿನವನಿಗೆ ಅದು ಗೊತ್ತಾಗುವುದಿಲ್ಲ, ಬುಟ್ಟಿ ಏಕೆ ಏರುತ್ತಿಲ್ಲ ಎಂದು ಇನ್ನಷ್ಟು ಎತ್ತುತ್ತಾನೆ. ಬೂಮ್ ಬಿಲ್ಲಿನಂತೆ ಬಿಗಿಯುತ್ತದೆ. ಕಟಕಟೆ ಜಾರಿ ಬಿಡುಗಡೆಯಾದ ಕ್ಷಣ ಬುಟ್ಟಿ ಮೇಲಕ್ಕೆ ಚಿಮ್ಮುತ್ತದೆ, ಅಲ್ಲಿ ಇನ್ನೊಂದು ತೊಲೆ ಇರುತ್ತದೆ. ಕ್ರೇನಿನಿಂದ ತೂಗುತ್ತಾ ಬಂದ ತೊಲೆಯನ್ನು ಜೋಡಿಸಲು ಬುಟ್ಟಿಯಲ್ಲಿ ಕಾದು ನಿಂತವರ ಪಾಡು ಬೇರೆ. ಅಲ್ಲಿ ಉಕ್ಕೇ ಮನುಷ್ಯನ ಕಡೆಗೆ ಚಲಿಸುತ್ತಿರುತ್ತದೆ, ಅವನ ಬೆನ್ನಿಗೆ ಕಟಕಟೆ ಇರುತ್ತದೆ, ಓಡಲು ಒಂದೂವರೆ ಹೆಜ್ಜೆಯ ಜಾಗವೂ ಇರುವುದಿಲ್ಲ. ನೆಲದಲ್ಲಿರುವವರೂ ಪಾರಾಗಿಲ್ಲ: ಪೀಠ ತಿರುಗುವಾಗ ಹೊರಚಾಚುವ, ಬೂಮಿಗೆ ಸಮತೋಲನ ಕೊಡುವ ಹಿಂಭಾರಕ್ಕೂ ಪಕ್ಕದ ಕಂಬಕ್ಕೂ ನಡುವೆ ಸಿಕ್ಕವರು ಇದ್ದಾರೆ. ಯಂತ್ರದ ಸುತ್ತ ಬೇಲಿ ಹಾಕಿದರೆ ಇದು ತಪ್ಪುತ್ತದೆ. ಹೆಚ್ಚು ಹೇಳಬೇಕಾಗಿಲ್ಲ.

ಈಗ ಸಮಯದ ಮಾತು. ಈ ಪತ್ರವನ್ನು ನಾನು ಬರೆಯಲು ಕೂತದ್ದು ಇದಕ್ಕಾಗಿ.

ಎದೆ ಒತ್ತಿಹೋದವನಿಗೆ ಉಸಿರು ಎಳೆದುಕೊಳ್ಳಲು ಆಗುವುದಿಲ್ಲ. ಮೂಳೆ ಮುರಿಯದಿದ್ದರೂ, ರಕ್ತ ಸುರಿಯದಿದ್ದರೂ, ಪಕ್ಕೆಲುಬುಗಳು ಹಿಗ್ಗಲು ಜಾಗವಿಲ್ಲದ್ದರಿಂದ ಉಸಿರು ಕಟ್ಟುತ್ತದೆ. ಕೂಗಿ ಕರೆಯಲೂ ಗಾಳಿ ಬೇಕು, ಆದ್ದರಿಂದ ಅವನು ಕೂಗುವುದೂ ಇಲ್ಲ. ಉಸಿರು ಪೂರ್ತಿ ನಿಂತರೆ ಅರಿವು ಬೇಗನೆ ತಪ್ಪುತ್ತದೆ, ಆಮ್ಲಜನಕವಿಲ್ಲದ ಮೆದುಳು ನಾಲ್ಕು ನಿಮಿಷಗಳ ಸುಮಾರಿಗೆ ಹಾನಿಗೊಳ್ಳಲು ತೊಡಗುತ್ತದೆ. ಅಗ್ನಿಶಾಮಕ ದಳ, ಆಂಬುಲೆನ್ಸ್ ಯಾವ ದೊಡ್ಡ ನಗರದಲ್ಲೂ ಆ ಅವಧಿಯೊಳಗೆ ಬಂದು, ಗೇಟು ದಾಟಿ, ಯಂತ್ರವನ್ನು ಅರ್ಥ ಮಾಡಿಕೊಂಡು ಬುಟ್ಟಿಯನ್ನು ಇಳಿಸುತ್ತವೆ ಎಂದು ಲೆಕ್ಕ ಹಾಕುವಂತಿಲ್ಲ. ಅವನನ್ನು ಬದುಕಿಸಬಲ್ಲವನು ಆ ಹೊತ್ತಿಗೆ ಆ ಯಂತ್ರದ ಬುಡದಲ್ಲಿ ಇರುವವನು ಮಾತ್ರ. ಅಲ್ಲಿ ಯಾರಿರುತ್ತಾರೆ?

ಹಲವು ಸೈಟುಗಳಲ್ಲಿ ಯಾರೂ ಇರುವುದಿಲ್ಲ. ಇದ್ದರೆ ಬೋಲ್ಟ್ ಪೆಟ್ಟಿಗೆ ಎತ್ತಿಕೊಡಲು ಹಚ್ಚಿದ ಸಹಾಯಕ ಇರುತ್ತಾನೆ, ಅವನಿಗೆ ಇನ್ನೂ ಹತ್ತು ಕೆಲಸ. ಪ್ರತಿ ಬೂಮ್ ಲಿಫ್ಟಿನ ತಿರುಗು ಪೀಠದ ಪಕ್ಕದಲ್ಲಿ ಇನ್ನೊಂದು ನಿಯಂತ್ರಣ ಫಲಕ ಇದೆ, ಅದರ ಕೀಲಿಯನ್ನು ‘ನೆಲ’ ಎಂಬ ಕಡೆಗೆ ತಿರುಗಿಸಿದೊಡನೆ ಬುಟ್ಟಿಯ ಫಲಕದಿಂದ ಬರುವ ಆದೇಶಗಳೆಲ್ಲ ನಿಲ್ಲುತ್ತವೆ ಎಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಆ ಒಂದು ತಿರುವು ಎಷ್ಟು ಬೆಲೆಯುಳ್ಳದ್ದು ಎಂದು ಯೋಚಿಸಿ: ಪ್ರಜ್ಞೆ ತಪ್ಪಿದವನ ಮೈಭಾರದಿಂದ ಯಂತ್ರ ಪಡೆಯುತ್ತಿರುವ ಆದೇಶ ಅಲ್ಲಿಗೆ ಕಡಿದುಹೋಗುತ್ತದೆ. ಆದರೆ ಕೀಲಿ ಅಲ್ಲೇ ಇರಬೇಕಲ್ಲ. ಬೇರೆಯವರು ಯಂತ್ರ ಮುಟ್ಟಬಾರದೆಂದು ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು ಹೋಗುವ ಮೇಲ್ವಿಚಾರಕರನ್ನು ನಾನು ಬಲ್ಲೆ. ನೆಲದ ಫಲಕದ ಮುಚ್ಚಳಕ್ಕೆ ಬೀಗ ಜಡಿದದ್ದನ್ನೂ, ಆ ಫಲಕದ ಕಡೆಯನ್ನು ಗೋಡೆಗೆ ಒತ್ತಿ ಯಂತ್ರ ನಿಲ್ಲಿಸಿದ್ದನ್ನೂ ಕಂಡಿದ್ದೇನೆ. ಹಾಗೆ ಮಾಡಿದವರಲ್ಲಿ ಯಾರೂ ಕೆಟ್ಟವರಲ್ಲ. ಆ ಫಲಕ ಏಕೆ ಇದೆ ಎಂದು ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೇ.

ಕೀಲಿ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಮುಂದೇನು? ಗಾಬರಿಯಲ್ಲಿ ‘ಕೆಳಗೆ’ ಎಂಬ ಗುಂಡಿ ಒತ್ತುವುದು ಎಲ್ಲರ ಮೊದಲ ಆಲೋಚನೆ. ತಲೆಯ ಮೇಲಿನ ತೊಲೆಗೆ ಒತ್ತಿಕೊಂಡವನಿಗೆ ಅದು ಸರಿ ಇರಬಹುದು. ಹಿಂದಿನ ತೊಲೆಗೆ ಸಿಕ್ಕವನಿಗೆ ಅದೇ ಚಲನೆ ಅವನನ್ನು ಉಕ್ಕಿಗೆ ಇನ್ನಷ್ಟು ಉಜ್ಜಬಹುದು. ಯಂತ್ರ ಕೊನೆಗೆ ಯಾವ ಕಡೆಗೆ ಹೋಯಿತೋ ಅದಕ್ಕೆ ವಿರುದ್ಧವಾಗಿ ಮೊದಲು ಸರಿಸಬೇಕು, ಅದನ್ನು ತಿಳಿಯಲು ಅವನು ಆ ಚಲನೆಯನ್ನು ನೋಡಿರಬೇಕು. ಇಲ್ಲೊಂದು ತೊಡಕಿದೆ, ತರಬೇತಿ ಪಡೆದವರೂ ಇದನ್ನು ಮರೆಯುತ್ತಾರೆ: ಬೂಮ್ ಲಿಫ್ಟಿನ ನೆಲದ ಫಲಕದಲ್ಲಿ ಸಾಮಾನ್ಯವಾಗಿ ಗಾಲಿಗಳನ್ನು ಓಡಿಸುವ ನಿಯಂತ್ರಣವೇ ಇರುವುದಿಲ್ಲ. ಯಂತ್ರವನ್ನು ಹಿಂದಕ್ಕೆ ನಡೆಸುವಾಗ ಸಿಕ್ಕಿಕೊಂಡವನನ್ನು ಯಂತ್ರವನ್ನು ಮುಂದಕ್ಕೆ ನಡೆಸಿ ಬಿಡಿಸಲು ಕೆಳಗಿನವನಿಗೆ ಬರುವುದಿಲ್ಲ. ಬೂಮನ್ನು ಒಳಕ್ಕೆ ಎಳೆದೋ, ಚಾಚಿಯೋ, ಪೀಠವನ್ನು ತುಸು ತಿರುಗಿಸಿಯೋ ಬಿಡಿಸಬೇಕು. ಯಾವುದನ್ನು ಎಂದು ತೀರ್ಮಾನಿಸಲು ಅವನ ಕೈಯಲ್ಲಿ ಕೆಲವು ಸೆಕೆಂಡುಗಳಿರುತ್ತವೆ. ಮೊದಲೇ ಅಭ್ಯಾಸ ಮಾಡದವನಿಂದ ಅದು ಸಾಧ್ಯವಿಲ್ಲ. ಎಂಜಿನ್ ನಿಂತಿದ್ದರೆ ಬ್ಯಾಟರಿಯಿಂದ ನಡೆಯುವ ತುರ್ತು ಪಂಪ್ ಎಲ್ಲಿದೆ, ಸಿಸರ್ ಲಿಫ್ಟ್ ಆದರೆ ಕೈಯಿಂದ ಇಳಿಸುವ ಕವಾಟ ಯಾವ ಬದಿಗಿದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಅದನ್ನು ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಮುಟ್ಟಿ ನೋಡಿರಬೇಕು.

ಆದ್ದರಿಂದ ನಾನು ಕೇಳುವುದು ಇಷ್ಟು: ಉಕ್ಕಿನ ಚೌಕಟ್ಟಿನೊಳಗೆ ಬುಟ್ಟಿ ಏರಿದಾಗಲೆಲ್ಲ ನೆಲದಲ್ಲಿ ಒಬ್ಬರು ಇರಬೇಕು. ಬುಟ್ಟಿಯನ್ನು ನೋಡುತ್ತಿರುವುದೇ ಅವರ ಕೆಲಸವಾಗಿರಬೇಕು, ಅದೇ ಯಂತ್ರದ ನೆಲದ ಫಲಕದಲ್ಲಿ ಅವರು ಕೈ ಪಳಗಿಸಿಕೊಂಡಿರಬೇಕು, ಕೀಲಿ ಯಂತ್ರದಲ್ಲೇ ಇರಬೇಕು, ಮೇಲಿನವರಿಗೂ ಅವರಿಗೂ ಮಾತು ಕೇಳಿಸುವ ವ್ಯವಸ್ಥೆ ಇರಬೇಕು. ಎರಡು ಲಿಫ್ಟುಗಳು ಅಕ್ಕಪಕ್ಕ, ಎರಡೂ ಕಣ್ಣಿಗೆ ಬೀಳುವಂತೆ ಇದ್ದರೆ ಒಬ್ಬರೇ ಎರಡನ್ನೂ ನೋಡಬಹುದೇ ಎಂದು ಕೇಳುವವರಿದ್ದಾರೆ. ಬೇಡ ಎನ್ನುತ್ತೇನೆ. ಒಂದು ಕಡೆ ತಲೆ ತಿರುಗಿಸಿದ ಹೊತ್ತಿನಲ್ಲೇ ಇನ್ನೊಂದು ಕಡೆ ಆಗುತ್ತದೆ.

ನಿಯಮಗಳಲ್ಲಿ ಇದರ ಬೀಜವಿಲ್ಲ ಎನ್ನುವಂತಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯಾದ ಓಶಾದ ನಿಯಮಾವಳಿಯೇ ಬೂಮ್ ವೇದಿಕೆಗಳಿಗೆ ಮೇಲೆ ಮತ್ತು ಕೆಳಗೆ ಎರಡು ಕಡೆಯೂ ನಿಯಂತ್ರಣ ಇರಬೇಕು, ಕೆಳಗಿನದು ಮೇಲಿನದನ್ನು ಮೀರುವಂತಿರಬೇಕು, ತುರ್ತು ಸಂದರ್ಭದಲ್ಲಿ ಬಿಟ್ಟರೆ ಬುಟ್ಟಿಯಲ್ಲಿರುವವನ ಅನುಮತಿಯಿಲ್ಲದೆ ಕೆಳಗಿನದನ್ನು ಮುಟ್ಟಬಾರದು ಎಂದು ಹೇಳುತ್ತದೆ. ತುರ್ತಿನ ಸಂದರ್ಭ ಎಂದು ಬರೆದವರಿಗೆ ಅದು ಎಂಥ ಸಂದರ್ಭವೆಂದು ಗೊತ್ತಿತ್ತು. ಆದರೆ ಅಂಥ ಹೊತ್ತಿನಲ್ಲಿ ಆ ನಿಯಂತ್ರಣದ ಮುಂದೆ ಬಲ್ಲವನೊಬ್ಬ ನಿಂತಿರಬೇಕು ಎಂದು ಅಲ್ಲಿ ಬರೆದಿಲ್ಲ. ಅದೇ ದೇಶದಲ್ಲಿ ಉಕ್ಕು ಎತ್ತಿ ನಿಲ್ಲಿಸುವ ಕೆಲಸಕ್ಕೆ 2001ರಲ್ಲಿ ಹೊಸದಾಗಿ ನಿಯಮ ಬರೆದಾಗ ಎಷ್ಟು ಅಡಿ ಎತ್ತರದಿಂದ ಬೀಳದಂತೆ ರಕ್ಷಣೆ ಬೇಕು ಎಂಬುದರ ಮೇಲೆ ದೊಡ್ಡ ಚರ್ಚೆಯೇ ನಡೆದು, 15 ಅಡಿ ಎಂದು ನಿರ್ಧಾರವಾಯಿತು. ಬೀಳುವುದಕ್ಕೆ ಅಡಿ ಲೆಕ್ಕದಲ್ಲಿ ನಿಯಮ ಬಂತು. ಬುಟ್ಟಿಯಲ್ಲಿ ನಜ್ಜಾಗುವುದಕ್ಕೆ ಅಂಥ ಲೆಕ್ಕ ಬರಲಿಲ್ಲ. 2018ರಲ್ಲಿ ಹೊರಬಂದು 2020ರ ಜೂನ್‌ನಲ್ಲಿ ಜಾರಿಗೆ ಬಂದ, ಏರು ವೇದಿಕೆಗಳಿಗೆಂದೇ ಇರುವ ಅಮೆರಿಕದ ಆನ್ಸಿ ಎ92 ಮಾನದಂಡಗಳು ಒಂದು ಹೆಜ್ಜೆ ಮುಂದೆ ಹೋದವು. ಕೆಲಸಕ್ಕೆ ಮೊದಲು ಅಪಾಯದ ಅಂದಾಜು, ಬರಹದಲ್ಲಿ ರಕ್ಷಣಾ ಯೋಜನೆ, ಮೇಲ್ವಿಚಾರಕರಿಗೂ ತರಬೇತಿ ಬೇಕು ಎಂದವು. ಒಳ್ಳೆಯದೇ. ಆದರೆ ಬರೆದಿಟ್ಟ ಯೋಜನೆ ಕಡತದಲ್ಲಿ ಕುಳಿತರೆ ಯಾರನ್ನೂ ಇಳಿಸುವುದಿಲ್ಲ. ಎಷ್ಟೋ ಯೋಜನೆಗಳಲ್ಲಿ ‘ತುರ್ತು ಸೇವೆಯನ್ನು ಕರೆಯುವುದು’ ಎಂಬ ಒಂದೇ ಸಾಲು ಇರುತ್ತದೆ. ಪರಿಶೀಲನೆಗೆ ಬರುವ ಅಧಿಕಾರಿಗಳೇ, ಆ ಸಾಲನ್ನು ನೀವು ಒಪ್ಪಬೇಡಿ. ಕಡತ ಕೇಳುವ ಬದಲು ಕೆಳಗೆ ನಿಂತವನನ್ನು ಕರೆದು, ‘ಈ ಬುಟ್ಟಿಯನ್ನು ಇಲ್ಲಿಂದ ಇಳಿಸಿ ತೋರಿಸು’ ಎನ್ನಿ. ಆ ಬೆಳಿಗ್ಗೆಯೇ ನಿಮಗೆ ಎಲ್ಲ ತಿಳಿಯುತ್ತದೆ.

ಅಪಘಾತದ ನಂತರ ಬರೆಯುವ ವರದಿಗಳ ಬಗ್ಗೆಯೂ ಒಂದು ಮಾತು. ‘ಚಾಲಕನ ಅಜಾಗರೂಕತೆ’ ಎಂಬ ಎರಡು ಪದಗಳಲ್ಲಿ ಎಷ್ಟು ಸಾವುಗಳನ್ನು ಮುಗಿಸಿಬಿಟ್ಟಿದ್ದೇವೆ! ಅವನು ಹಿಂದೆ ನೋಡಲಿಲ್ಲ, ನಿಜವಿರಬಹುದು. ಆದರೆ ಕಂಬಗಳ ನಡುವಿನ ಆ ಜಾಗಕ್ಕೆ ಸಣ್ಣ ಗಾತ್ರದ ಯಂತ್ರ ಬೇಕಿತ್ತು, ಬಾಡಿಗೆ ಉಳಿಸಲು ಸೈಟಿನಲ್ಲಿದ್ದ ದೊಡ್ಡದನ್ನೇ ಒಳಗೆ ನುಗ್ಗಿಸಲಾಯಿತು ಎಂಬುದು ವರದಿಗೆ ಬರುವುದಿಲ್ಲ. ಆ ಜೋಡಣೆಯನ್ನು ನೆಲದಲ್ಲೇ ಮಾಡಿ ಇಡೀ ಭಾಗವನ್ನು ಒಟ್ಟಿಗೆ ಎತ್ತಬಹುದಿತ್ತು, ಆಗ ಯಾರೂ ತೊಲೆಗಳ ನಡುವೆ ನುಸುಳಬೇಕಿರಲಿಲ್ಲ ಎಂಬುದೂ ಬರುವುದಿಲ್ಲ. ನೆಲ ಸಮತಟ್ಟು ಮಾಡಿರಲಿಲ್ಲ, ಸಂಜೆಯ ಬೆಳಕು ಸಾಲದಾಗಿತ್ತು, ಮರುದಿನ ಶೀಟು ಹಾಕುವವರು ಬರುತ್ತಾರೆಂದು ಅವಸರ ಮಾಡಲಾಗಿತ್ತು. ಇವೆಲ್ಲ ಬೇರೆ ಯಾರೋ ತೆಗೆದುಕೊಂಡ ತೀರ್ಮಾನಗಳು. ಅವುಗಳ ಭಾರವನ್ನೂ ಸತ್ತವನ ಮೇಲೆಯೇ ಹೊರಿಸುವುದು ಅನ್ಯಾಯ. ಅವನ ಹೆಂಡತಿ ಮಕ್ಕಳು ಆ ವರದಿಯನ್ನು ಓದುತ್ತಾರೆ ಎಂಬುದನ್ನು ಬರೆಯುವವರು ನೆನಪಿಡಬೇಕು. ಅದಕ್ಕಿಂತ ಹೆಚ್ಚಾಗಿ, ಅಂಥ ವರದಿಯಿಂದ ಮುಂದಿನ ಸೈಟಿನಲ್ಲಿ ಏನೂ ಬದಲಾಗುವುದಿಲ್ಲ.

ಯಂತ್ರಗಳನ್ನು ಬಾಡಿಗೆಗೆ ಕೊಡುವವರು ಮತ್ತು ತಯಾರಿಸುವವರಿಗೆ. ಫಲಕದ ಮುಂದೆ ಅಡ್ಡಲಾಗಿ ಕೂರಿಸುವ ಒತ್ತಡ ಗ್ರಹಿಸುವ ಪಟ್ಟಿಗಳು ಬಂದು ವರ್ಷಗಳಾದವು. ಮೈ ಅದರ ಮೇಲೆ ಬಿದ್ದೊಡನೆ ಅವು ಚಲನೆಯನ್ನು ನಿಲ್ಲಿಸುತ್ತವೆ, ಕೆಲವು ಕ್ಷಣಕಾಲ ಹಿಮ್ಮುಖ ಚಲನೆಯನ್ನೂ ಕೊಡುತ್ತವೆ, ಕೆಳಗಿನವರಿಗೆ ತಿಳಿಯಲೆಂದು ದೀಪ ಮಿನುಗಿಸಿ ಸದ್ದು ಮಾಡುತ್ತವೆ. ಬುಟ್ಟಿಯ ಮೇಲೆ ತಲೆಗಿಂತ ಎತ್ತರಕ್ಕೆ ನಿಲ್ಲುವ ಗಟ್ಟಿ ಕಂಬಿಗಳೂ ಇವೆ, ತೊಲೆ ಮೊದಲು ಅವಕ್ಕೆ ತಾಗುತ್ತದೆ, ಒಳಗಿನವನಿಗೆ ಬಾಗಿ ಕೂರುವಷ್ಟು ಜಾಗ ಉಳಿಯುತ್ತದೆ. ಇವನ್ನು ಹೆಚ್ಚುವರಿ ಸೌಕರ್ಯವೆಂದು ಪ್ರತ್ಯೇಕ ಬೆಲೆಗೆ ಮಾರುವುದನ್ನು ನಿಲ್ಲಿಸಿ. ಉಕ್ಕಿನ ಕೆಲಸಕ್ಕೆ ಹೋಗುವ ಯಂತ್ರ ಎಂದು ಗೊತ್ತಾದ ಮೇಲೆ ಅದಿಲ್ಲದೆ ನಿಮ್ಮ ಅಂಗಳದಿಂದ ಹೊರಗೆ ಕಳಿಸಬೇಡಿ.

ಆದರೆ ಈ ಸಾಧನಗಳನ್ನೇ ಪೂರ್ಣ ಉತ್ತರ ಎಂದು ನಾನು ಹೇಳುವುದಿಲ್ಲ. ಒತ್ತಡದ ಪಟ್ಟಿ ಕಾಯುವುದು ಫಲಕದ ಮುಂದೆ ನಿಂತವನನ್ನು. ಅದೇ ಬುಟ್ಟಿಯ ಇನ್ನೊಂದು ಮೂಲೆಯಲ್ಲಿ ಬೋಲ್ಟ್ ಹಿಡಿದು ನಿಂತ ಜೊತೆಗಾರನ ತಲೆ ಉಕ್ಕಿಗೆ ತಾಗಿದರೆ ಅದಕ್ಕೆ ತಿಳಿಯುವುದಿಲ್ಲ. ಎತ್ತರದ ಕಂಬಿಗಳು ಇಕ್ಕಟ್ಟಿನ ಚೌಕಟ್ಟಿನಲ್ಲಿ ತಾವೇ ಸಿಕ್ಕಿಕೊಳ್ಳುತ್ತವೆ, ಕೆಲಸಗಾರರು ಅವನ್ನು ಬಿಚ್ಚಿ ಮೂಲೆಗಿಡುತ್ತಾರೆ. ಬಿಚ್ಚುವವರನ್ನು ಬೈಯುವ ಮೊದಲು, ಆ ಜಾಗಕ್ಕೆ ಆ ಯಂತ್ರವೇ ಸರಿಯಾದುದಲ್ಲ ಎಂಬ ಸೂಚನೆಯಾಗಿ ಅದನ್ನು ಓದಿಕೊಳ್ಳಿ. ಸಾಧನ ಯಂತ್ರವನ್ನು ನಿಲ್ಲಿಸಿದ ನಂತರವೂ ಸಿಕ್ಕಿಕೊಂಡವನು ಅಲ್ಲೇ ಇರುತ್ತಾನೆ. ಅವನನ್ನು ಬಿಡಿಸಲು ಮತ್ತೆ ನೆಲದಲ್ಲಿ ಒಬ್ಬ ಮನುಷ್ಯನೇ ಬೇಕು. ತಿರುಗಿ ತಿರುಗಿ ನಾನು ಬರುವುದು ಅಲ್ಲಿಗೇ.

ಬಾಡಿಗೆಗೆ ಕೊಡುವವರು ಯಂತ್ರ ಒಪ್ಪಿಸುವಾಗ ಹತ್ತು ನಿಮಿಷ ತೆಗೆದುಕೊಂಡು ನೆಲದ ಫಲಕವನ್ನೂ ತುರ್ತು ಇಳಿಕೆಯನ್ನೂ ಮಾಡಿ ತೋರಿಸುವ ರೂಢಿ ಬೆಳೆಸಿದರೆ ಅದೇ ದೊಡ್ಡ ಉಪಕಾರ. ಲಾರಿಯಿಂದ ಇಳಿಸಿ, ಡೀಸೆಲ್ ಮಟ್ಟ ಬರೆದುಕೊಂಡು, ಕೈಪಿಡಿಯನ್ನು ಡಬ್ಬಿಯೊಳಗೆ ತುರುಕಿ ಹೊರಡುವುದು ಒಪ್ಪಿಸಿದಂತಾಗುವುದಿಲ್ಲ. ಆ ಕೈಪಿಡಿ ಕೆಲಸಗಾರನಿಗೆ ಬಾರದ ಭಾಷೆಯಲ್ಲಿದ್ದರಂತೂ ಅದು ಇದ್ದೂ ಇಲ್ಲ.

ಗುತ್ತಿಗೆದಾರರೇ, ನಿಮ್ಮ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ನೆಲದಲ್ಲಿ ಒಬ್ಬನನ್ನು ಸುಮ್ಮನೆ ನಿಲ್ಲಿಸಿದರೆ ಅವನ ಕೂಲಿ ಯಾರು ಕೊಡುತ್ತಾರೆ ಎಂಬುದು ನಿಮ್ಮ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಕಡಿಮೆ ದರ ಬರೆದವನಿಗೆ ಕೆಲಸ ಸಿಗುವ ಪದ್ಧತಿಯಲ್ಲಿ ಈ ಮನುಷ್ಯನನ್ನು ಲೆಕ್ಕಕ್ಕೆ ಸೇರಿಸಿದ ಗುತ್ತಿಗೆದಾರ ಸೋಲುತ್ತಾನೆ. ಹಾಗಾಗಿ ಕಟ್ಟಿಸುವ ಮಾಲೀಕರನ್ನು ಕೇಳುತ್ತೇನೆ: ಟೆಂಡರಿನಲ್ಲಿ ಕ್ರೇನಿಗೆ, ಬೋಲ್ಟಿಗೆ, ಬಣ್ಣಕ್ಕೆ ಸಾಲು ಇರುವಂತೆ ‘ಲಿಫ್ಟಿನ ನೆಲ ಕಾವಲು’ ಎಂದು ಒಂದು ಪ್ರತ್ಯೇಕ ಸಾಲು ಇರಲಿ. ಯಂತ್ರ ಓಡುವ ಪ್ರತಿ ಗಂಟೆಗೂ ಅದಕ್ಕೆ ಹಣ ಬರಲಿ. ಆಗ ಎಲ್ಲ ಗುತ್ತಿಗೆದಾರರಿಗೂ ಲೆಕ್ಕ ಒಂದೇ ಆಗುತ್ತದೆ, ಯಾರೂ ಈ ಮನುಷ್ಯನನ್ನು ಕೈಬಿಟ್ಟು ದರ ಇಳಿಸಲಾರರು. ಇಡೀ ಕಟ್ಟಡದ ವೆಚ್ಚದಲ್ಲಿ ಆ ಮೊತ್ತ ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ಚೌಕಟ್ಟಿನ ವಿನ್ಯಾಸ ಮಾಡುವ ಎಂಜಿನಿಯರುಗಳಿಗೂ ಒಂದು ಮಾತು ಹೇಳಿ: ಈ ಜೋಡಣೆಗೆ ಕೆಲಸಗಾರ ಯಾವ ಕಡೆಯಿಂದ ಬರುತ್ತಾನೆ, ಅವನ ಬುಟ್ಟಿಗೆ ಜಾಗವಿದೆಯೇ ಎಂದು ನಕ್ಷೆ ಬರೆಯುವಾಗಲೇ ಯೋಚಿಸಲಿ. ಕೆಲವು ಜೋಡಣೆಗಳನ್ನು ನೋಡಿದರೆ ಅಲ್ಲಿಗೆ ಮನುಷ್ಯ ಹೋಗಬೇಕಾಗುತ್ತದೆ ಎಂದು ನಕ್ಷೆ ಬರೆದವರಿಗೆ ತೋಚಿಯೇ ಇರಲಿಲ್ಲ ಅನ್ನಿಸುತ್ತದೆ.

ಬುಟ್ಟಿ ಏರುವ ಗೆಳೆಯರೇ, ಈ ಪತ್ರ ನಿಮ್ಮ ಮೇಲಿನ ದೂರಲ್ಲ. ಆದರೂ ಕೆಲವು ಮಾತು ನಿಮಗೂ ಹೇಳಬೇಕು, ಏಕೆಂದರೆ ನಿಯಮ ಬರುವವರೆಗೆ ತೊಲೆಯ ಅಡಿ ನಿಲ್ಲುವವರು ನೀವು. ಪೆಡಲ್ ಮೇಲೆ ಮರದ ತುಂಡನ್ನೋ ಬೋಲ್ಟ್ ಪೆಟ್ಟಿಗೆಯನ್ನೋ ಇಟ್ಟು ಕಾಲಿಗೆ ಬಿಡುವು ಕೊಡಬೇಡಿ. ಒಂದಿಷ್ಟು ಸೆಕೆಂಡು ಯಾವ ಚಲನೆಯೂ ಇಲ್ಲದಿದ್ದರೆ ಪೆಡಲ್ ತಾನೇ ನಿಷ್ಕ್ರಿಯವಾಗುವಂತೆ ಹಲವು ಯಂತ್ರಗಳಲ್ಲಿ ಮಾಡಿರುವುದು ನಿಮಗೆ ಕಿರಿಕಿರಿ ಕೊಡಲು ಅಲ್ಲ. ಜಾಯ್‌ಸ್ಟಿಕ್ಕಿನ ಸುತ್ತಲಿನ ಕಾಪು ಕಿತ್ತುಹೋಗಿದ್ದರೆ ಆ ಯಂತ್ರ ಏರಬೇಡಿ. ತೊಲೆಗಳ ನಡುವೆ ಬಂದ ಮೇಲೆ ಒಂದು ಸಲಕ್ಕೆ ಒಂದೇ ಚಲನೆ, ಅದೂ ನಿಧಾನದ ವೇಗದಲ್ಲಿ. ಕೆಲಸದ ಜಾಗ ತಲುಪಿದೊಡನೆ ಕೆಂಪು ಗುಂಡಿ ಒತ್ತಿ ಯಂತ್ರವನ್ನು ಪೂರ್ತಿ ನಿಲ್ಲಿಸಿ, ಆಮೇಲೆ ಪಾನಾ ಕೈಗೆತ್ತಿಕೊಳ್ಳಿ. ಕಟಕಟೆಯ ಹೊರಗೆ ಕೈ ಇಟ್ಟು ಹಿಡಿದುಕೊಳ್ಳಬೇಡಿ, ಉಕ್ಕಿಗೂ ಕಟಕಟೆಗೂ ನಡುವೆ ಮೊದಲು ಹೋಗುವುದು ಬೆರಳುಗಳು. ಹಲವು ಬುಟ್ಟಿಗಳಿಗೆ 227 ಕಿಲೋ ಮಿತಿ ಇರುತ್ತದೆ. ಇಬ್ಬರು ಮನುಷ್ಯರು, ಇಂಪ್ಯಾಕ್ಟ್ ರೆಂಚ್, ಎರಡು ಬೋಲ್ಟ್ ಚೀಲ ಸೇರಿದರೆ ಅದು ಬೇಗ ತುಂಬುತ್ತದೆ. ಅದರ ಮೇಲೆ ಬ್ರೇಸಿಂಗ್ ತುಂಡನ್ನು ಕಟಕಟೆಗೆ ಅಡ್ಡಲಾಗಿ ಹೇರಿಕೊಂಡು ಏರಿದರೆ ತಲೆ ತಗ್ಗಿಸಲೂ ಜಾಗ ಉಳಿಯುವುದಿಲ್ಲ. ಮತ್ತೆ, ಕೆಳಗೆ ಯಾರಿದ್ದಾರೆ ಎಂದು ಹೆಸರು ಹಿಡಿದು ಕೂಗಿ ನೋಡಿ. ಉತ್ತರ ಬಾರದಿದ್ದರೆ ಏರಬೇಡಿ. ಹಾಗೆ ನಿಂತದ್ದಕ್ಕೆ ಕೂಲಿ ಕಡಿದುಕೊಳ್ಳುವಂತಿಲ್ಲ ಎಂಬುದನ್ನು ನಿಯಮ ಬರೆಯುವವರು ಬರೆದೇ ಕೊಡಬೇಕು. ಬರೆಯದಿದ್ದರೆ ‘ಏರಬೇಡಿ’ ಎಂಬ ನನ್ನ ಮಾತಿಗೆ ಅರ್ಥವಿಲ್ಲ, ಮನೆ ನಡೆಸಬೇಕಾದವನು ಏರಿಯೇ ಏರುತ್ತಾನೆ.

ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಹೊಸ ಸಾಧನ ಬೇಕಿಲ್ಲ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಖಾಲಿ ಬುಟ್ಟಿಯನ್ನು ನೆಲದ ಫಲಕದಿಂದಲೇ ಬಯಲಿನಲ್ಲಿ ಎತ್ತರಿಸಿ ನಿಲ್ಲಿಸಿ. ಆ ದಿನ ಕೆಳಗೆ ಕಾಯುವವರು ತಮ್ಮ ಎಂದಿನ ಜಾಗದಲ್ಲಿ ಇರಲಿ. ಯಾರಾದರೂ ‘ಸಿಕ್ಕಿಕೊಂಡ’ ಎಂದು ಕೂಗಲಿ, ಯಾವ ಕಡೆಯಿಂದ ಸಿಕ್ಕಿಕೊಂಡ ಎಂಬುದನ್ನೂ ಹೇಳಲಿ. ಕೂಗಿದ ಗಳಿಗೆಯಿಂದ ಬುಟ್ಟಿ ಸರಿಯಾದ ದಿಕ್ಕಿಗೆ ಸರಿಯತೊಡಗುವವರೆಗೆ ಎಷ್ಟು ಹೊತ್ತಾಯಿತೆಂದು ಗಡಿಯಾರ ಹಿಡಿದು ನೋಡಿ, ಯಂತ್ರದ ದಿನದ ತಪಾಸಣೆಯ ಹಾಳೆಯಲ್ಲೇ ಆ ಸಮಯವನ್ನು, ಕಾಯುವವರ ಹೆಸರಿನ ಎದುರು ಬರೆಯಿರಿ. ಒಂದು ನಿಮಿಷ ದಾಟಿದರೆ, ದಾಟದಂತಾಗುವವರೆಗೆ ಆ ಯಂತ್ರದಲ್ಲಿ ಯಾರನ್ನೂ ಮೇಲೆ ಕಳಿಸಬೇಡಿ.

ಇಂತಿ,
ಉಕ್ಕಿನ ಕೆಲಸದವರ ನಡುವೆ ದುಡಿಯುವ ಒಬ್ಬ